ಅಟ್ಟದ ಮೇಲಿನ ಪೆಂಟಿಯಂ 4ಕ್ಕೆ ಯಾವ ಕಂಪೈಲರ್?

ಥರ್ಡ್ ಸೆಮ್ ಶುರುವಾಗಿ ಎರಡು ವಾರ ಆಗಿತ್ತು. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಮುಗಿಸಿ ಹೊರಗೆ ಬರುವಾಗ ಮೇಡಂ ಹೇಳಿದ್ದು ಒಂದೇ ಮಾತು: "ಮನೇಲಿ ಕೂತು ಪ್ರಾಕ್ಟೀಸ್ ಮಾಡದೆ ಲಿಂಕ್ಡ್ ಲಿಸ್ಟ್ ಬರಲ್ಲ." ನಾವು ಮೂರು ಜನ ಒಟ್ಟಿಗೆ ಓದೋರು. ಒಬ್ಬ ಹಲಸೂರಿನವನು, ಒಬ್ಬ ಇಂದಿರಾನಗರದ ಪಿಜಿಯಲ್ಲಿರೋ ಹಾಸನದವನು, ಒಬ್ಬಳು ಕೆ.ಆರ್. ಪುರದವಳು. ಇಬ್ಬರ ಹತ್ತಿರ ಲ್ಯಾಪ್‌ಟಾಪ್ ಇದೆ, ಅವಳ ಹತ್ತಿರ ಇಲ್ಲ. ಅವರ ಮನೇಲಿ ಈ ವರ್ಷ ಅಕ್ಕನ ಮದುವೆ. ಲ್ಯಾಪ್‌ಟಾಪ್ ಮಾತು ಮುಂದಿನ ವರ್ಷಕ್ಕೆ. ಅಲ್ಲಿವರೆಗೆ ಫೋನಿನಲ್ಲಿ ಆನ್‌ಲೈನ್ ಕಂಪೈಲರ್ ತೆಗೆದು, ಹೆಬ್ಬೆರಳಲ್ಲಿ ಕರ್ಲಿ ಬ್ರ್ಯಾಕೆಟ್ ಹುಡುಕಿ ಹುಡುಕಿ ಟೈಪ್ ಮಾಡ್ತಿದ್ದಳು. ನೂರು ಸಾಲಿನ ಪ್ರೋಗ್ರಾಂನ ಹಾಗೆ ಬರೆಯೋದು ಎಷ್ಟು ಹಿಂಸೆ ಅಂತ ಒಂದು ಸಲ ಟ್ರೈ ಮಾಡಿದವರಿಗೆ ಗೊತ್ತು.

ಆಗ ನೆನಪಾಗಿದ್ದು ಹಲಸೂರಿನ ಮನೆ ಅಟ್ಟದ ಮೇಲೆ ಹಳೇ ಬೆಡ್‌ಶೀಟ್ ಸುತ್ತಿಟ್ಟಿದ್ದ ಕಂಪ್ಯೂಟರ್. ನಾವು ಹುಟ್ಟೋ ಹೊತ್ತಿಗೆ ಚಿಕ್ಕಪ್ಪ ತಗೊಂಡಿದ್ದು. ಪೆಂಟಿಯಂ 4 ಪ್ರೊಸೆಸರ್, 512 ಎಂಬಿ ರ‍್ಯಾಮ್, 40 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ ಎಕ್ಸ್‌ಪಿ. ಕೆಳಗಿಳಿಸಿ, ಧೂಳು ಒರೆಸಿ, ಸ್ವಿಚ್ ಹಾಕಿದ್ವಿ. ಫ್ಯಾನ್ ಮಿಕ್ಸಿ ಥರ ಕೂಗ್ತು, ಆದ್ರೆ ಆನ್ ಆಯ್ತು.

ಒಬ್ಬ ಸೀನಿಯರ್‌ನ ಕೇಳಿದ್ವಿ. ಅವರು ಯೋಚನೆ ಕೂಡ ಮಾಡದೆ, "ಹಳೇ ಮೆಷಿನ್ ತಾನೆ? ಟರ್ಬೋ ಸಿ ಹಾಕ್ಕೊಳ್ಳಿ" ಅಂದ್ರು. ನಾವೂ ಹಾಗೇ ಅಂದುಕೊಂಡು ಹಾಕಿದ್ವಿ. ಅದು ತಪ್ಪು ಆಯ್ಕೆ ಅಂತ ಗೊತ್ತಾಗೋಕೆ ಒಂದು ಲ್ಯಾಬ್ ಮಾರ್ಕ್ಸ್ ಹೋಗಬೇಕಾಯ್ತು. ಮನೇಲಿ ಇಂಥ ಮೆಷಿನ್ ಇರೋರು, ಅಥವಾ ತಮ್ಮನಿಗೋ ತಂಗಿಗೋ ಹಳೇ ಕಂಪ್ಯೂಟರ್‌ನಲ್ಲಿ ಸಿ ಕಲಿಸಬೇಕು ಅನ್ನೋರು ಮತ್ತೆ ಅದೇ ದಾರಿ ಹಿಡಿಯಬಾರದು ಅಂತ ಇದನ್ನ ಬರೀತಿದ್ದೀವಿ.

ಕಂಪೈಲರ್ ಅಸಲಿಗೆ ಏನು ಮಾಡುತ್ತೆ?

ಪರೀಕ್ಷೆಗೆ ಬರೆಯೋ ಉತ್ತರ ಎಲ್ಲರಿಗೂ ಗೊತ್ತು: ಹೈ ಲೆವೆಲ್ ಭಾಷೆಯನ್ನ ಮೆಷಿನ್ ಭಾಷೆಗೆ ಬದಲಾಯಿಸುತ್ತೆ. ಆಯ್ಕೆ ಮಾಡುವಾಗ ಇಷ್ಟು ಸಾಲದು. ನಾಲ್ಕು ಹಂತ ನೆನಪಿಟ್ಟುಕೊಳ್ಳಿ. ಮೊದಲು ಪ್ರಿಪ್ರೊಸೆಸರ್ ಬಂದು, ನಾವು ಇನ್‌ಕ್ಲೂಡ್ ಮಾಡಿದ ಹೆಡರ್ ಫೈಲುಗಳನ್ನೆಲ್ಲ ನಮ್ಮ ಕೋಡ್ ಒಳಗೆ ತುಂಬುತ್ತೆ. ಆಮೇಲೆ ಕಂಪೈಲರ್ ಅದನ್ನ ಓದಿ, ತಪ್ಪು ಹುಡುಕಿ, ಅಸೆಂಬ್ಲಿ ಮಾಡುತ್ತೆ. ಅಸೆಂಬ್ಲರ್ ಅದನ್ನ ಆಬ್ಜೆಕ್ಟ್ ಫೈಲ್ ಮಾಡುತ್ತೆ. ಕೊನೆಗೆ ಲಿಂಕರ್ ಬಂದು ಪ್ರಿಂಟ್‌ಎಫ್ ಥರದ ಲೈಬ್ರರಿ ಕೋಡ್‌ನ ಜೋಡಿಸಿ ಓಡೋ ಫೈಲ್ ಕೊಡುತ್ತೆ.

ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆ ಇದೆ. ಒಂದು, ಕಂಪೈಲರ್ ಎಲ್ಲಿ ಕೂತು ಓಡುತ್ತೆ? ಇದನ್ನ ಹೋಸ್ಟ್ ಅಂತಾರೆ. ಎರಡು, ಅದು ತಯಾರಿಸೋ ಪ್ರೋಗ್ರಾಂ ಯಾವ ಮೆಷಿನ್‌ಗೆ? ಅದು ಟಾರ್ಗೆಟ್. ನಮ್ಮ ಸೀನಿಯರ್ ಹೋಸ್ಟ್ ಒಂದನ್ನೇ ನೋಡಿದ್ರು. ಟರ್ಬೋ ಹಳೇ ಮೆಷಿನ್‌ನಲ್ಲಿ ಓಡುತ್ತೆ, ನಿಜ. ಅದು ಯಾವ ಮೆಷಿನ್‌ಗೆ ಅಂತ ಕೋಡ್ ತಯಾರಿಸುತ್ತೆ ಅನ್ನೋದನ್ನ ಅವರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಮೊದಲು ಮೆಷಿನ್‌ನ ಜಾತಕ ನೋಡಿ

ಕಂಪೈಲರ್ ಹುಡುಕೋ ಮೊದಲು ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ.

ಪ್ರೊಸೆಸರ್ 32 ಬಿಟ್ಟೋ 64 ಬಿಟ್ಟೋ? ಪೆಂಟಿಯಂ 4ರಲ್ಲಿ ಮೊದಮೊದಲು ಬಂದಿದ್ದೆಲ್ಲ 32 ಬಿಟ್, ಕೊನೆಕೊನೆಗೆ ಬಂದ ಕೆಲವು 64 ಬಿಟ್. ಕೋರ್ 2 ಡುಯೋ ಇದ್ದರೆ 64 ಬಿಟ್, ನಿಮ್ಮ ಕೆಲಸ ಅರ್ಧ ಸುಲಭ. ನಮ್ಮದು 32.

ರ‍್ಯಾಮ್ ಎಷ್ಟು? ಸಿ ಪ್ರೋಗ್ರಾಂ ಕಂಪೈಲ್ ಮಾಡೋಕೆ ಹತ್ತಾರು ಎಂಬಿ ಸಾಕು. ರ‍್ಯಾಮ್ ತಿನ್ನೋದು ಕಂಪೈಲರ್ ಅಲ್ಲ, ಡೆಸ್ಕ್‌ಟಾಪು, ಬ್ರೌಸರು, ದೊಡ್ಡ ದೊಡ್ಡ ಐಡಿಇಗಳು. ಸಿ ಪ್ಲಸ್ ಪ್ಲಸ್ ಆದರೆ ಸ್ವಲ್ಪ ಹುಷಾರು. ಇಡೀ ಸ್ಟ್ಯಾಂಡರ್ಡ್ ಲೈಬ್ರರಿನ ಒಂದೇ ಸಾಲಲ್ಲಿ ಎಳೆದು ತರೋ ಹೆಡರ್ ಹಾಕಿದ್ರೆ ಚಿಕ್ಕ ಪ್ರೋಗ್ರಾಂಗೂ ಕಂಪೈಲರ್ ನೂರು ಎಂಬಿ ದಾಟೋದು ಸಹಜ.

ಯಾವ ಆಪರೇಟಿಂಗ್ ಸಿಸ್ಟಮ್? ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಸಪೋರ್ಟ್ ನಿಲ್ಲಿಸಿದ್ದು 2014ರ ಏಪ್ರಿಲ್ 8ಕ್ಕೆ. ಅದಾದ ಮೇಲೆ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ, ಹೊಸ ಸಾಫ್ಟ್‌ವೇರ್ ಬಹುತೇಕ ಇನ್‌ಸ್ಟಾಲ್ ಆಗಲ್ಲ.

ಕೊನೇದು, ಗಡಿಯಾರ. ನಗಬೇಡಿ. ನಮ್ಮ ಮದರ್‌ಬೋರ್ಡ್‌ನ ಬ್ಯಾಟರಿ ಸತ್ತಿತ್ತು. ಪ್ರತಿ ಸಲ ಆನ್ ಮಾಡಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡ್ತಿತ್ತು. ತಾರೀಖು ತಪ್ಪಿದ್ರೆ ವೆಬ್‌ಸೈಟ್‌ಗಳ ಸರ್ಟಿಫಿಕೇಟ್ ಒಪ್ಪಲ್ಲ, ಡೌನ್‌ಲೋಡ್ ಆಗಲ್ಲ. ಮೇಕ್ ಅನ್ನೋ ಟೂಲ್ ಫೈಲುಗಳ ಸಮಯ ನೋಡಿಯೇ ಯಾವುದನ್ನ ಮತ್ತೆ ಕಂಪೈಲ್ ಮಾಡಬೇಕು ಅಂತ ತೀರ್ಮಾನ ಮಾಡೋದು. ಅದಕ್ಕೂ ತಲೆ ಕೆಡುತ್ತೆ. ಸಿಆರ್ 2032 ಅನ್ನೋ ಬಿಲ್ಲೆಯಂಥ ಬ್ಯಾಟರಿ ಹಾಕಿದ್ರೆ ಮುಗೀತು.

ಬ್ಯಾಟರಿಗೂ ರ‍್ಯಾಮ್‌ಗೂ ಶಿವಾಜಿನಗರದ ಒಂದು ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಹೋದ್ವಿ. ಅಂಗಡಿಯವರು ಬಾಕ್ಸ್ ತೆಗೆದು ನೋಡಿ, "ಯಾಕ್ ಒದ್ದಾಡ್ತೀರಾ, ಗುಜರಿಗೆ ಹಾಕ್ಬಿಡಿ" ಅಂದ್ರು. "ಇಲ್ಲ ಭಾಯ್, ಇದರಲ್ಲಿ ಒಬ್ರು ಓದ್ಬೇಕು" ಅಂದ್ವಿ. ಅವರು ಆಮೇಲೆ ಏನೂ ಮಾತಾಡಲಿಲ್ಲ. ಒಂದು ಡಬ್ಬಿ ತುಂಬ ಹಳೇ ರ‍್ಯಾಮ್ ಸುರಿದು, ಹುಡುಕಿ, 512 ಎಂಬಿಯ ಇನ್ನೊಂದು ಡಿಡಿಆರ್ ಸ್ಟಿಕ್ ಹಾಕಿ ಆನ್ ಮಾಡಿ ತೋರಿಸಿದ್ರು. ಎರಡು ಬಿರಿಯಾನಿ ದುಡ್ಡಲ್ಲಿ ಮೆಷಿನ್ 1 ಜಿಬಿ ಆಯ್ತು. ನಿಮ್ಮ ಬೋರ್ಡ್‌ಗೆ ಡಿಡಿಆರ್ ಬೇಕೋ ಡಿಡಿಆರ್2 ಬೇಕೋ ನೋಡ್ಕೊಂಡು ಹೋಗಿ, ಇದರ ಜಾಗದಲ್ಲಿ ಅದು ಕೂರಲ್ಲ.

ಮೊದಲ ಪ್ರಯತ್ನ: ಟರ್ಬೋ

ಟರ್ಬೋ ಸಿ ಬಂದಿದ್ದು 1987ರಲ್ಲಿ, ಬೋರ್ಲ್ಯಾಂಡ್ ಕಂಪನಿಯಿಂದ. ನಮ್ಮ ಅಣ್ಣ ಅಕ್ಕಂದಿರು ನೋಡಿರೋ ನೀಲಿ ಪರದೆಯ ಟರ್ಬೋ ಸಿ ಪ್ಲಸ್ ಪ್ಲಸ್ ಬಂದಿದ್ದು 1990ರ ದಶಕದ ಆರಂಭದಲ್ಲಿ. ಅದರ ಕಾಲಕ್ಕೆ ಅದು ಅದ್ಭುತ. ಎಡಿಟರ್, ಕಂಪೈಲರ್, ಡಿಬಗರ್, ಹೆಲ್ಪ್ ಎಲ್ಲ ಒಂದೇ ಕಡೆ. ಕೆಲವೇ ಎಂಬಿ ಜಾಗ. ಕಂಟ್ರೋಲ್ ಎಫ್9 ಒತ್ತಿದ್ರೆ ಓಡುತ್ತೆ. ನಮ್ಮ ಪೆಂಟಿಯಂ 4ರಲ್ಲಂತೂ ಕಣ್ಣು ಮಿಟುಕಿಸೋದ್ರೊಳಗೆ ಕಂಪೈಲ್ ಆಗ್ತಿತ್ತು. 32 ಬಿಟ್ ಎಕ್ಸ್‌ಪಿಯಲ್ಲಿ ಡಾಸ್ ಪ್ರೋಗ್ರಾಂ ಓಡಿಸೋ ವ್ಯವಸ್ಥೆ ಒಳಗೇ ಇರೋದ್ರಿಂದ ಡಾಸ್‌ಬಾಕ್ಸ್ ಕೂಡ ಬೇಕಾಗಲಿಲ್ಲ. (64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಪ್ರೋಗ್ರಾಂ ನೇರವಾಗಿ ಓಡಲ್ಲ. ಅದಕ್ಕೇ ಈಗ ಎಲ್ಲರೂ ಡಾಸ್‌ಬಾಕ್ಸ್ ಒಳಗೆ ಟರ್ಬೋ ಹಾಕ್ಕೊಳ್ಳೋದು.)

ಮೊದಲ ಅನುಮಾನ ಬಂದಿದ್ದು ಫ್ಯಾಕ್ಟೋರಿಯಲ್‌ನಲ್ಲಿ. 7ರ ಫ್ಯಾಕ್ಟೋರಿಯಲ್ 5040 ಸರಿಯಾಗಿ ಬಂತು. 8ಕ್ಕೆ 40320 ಬರಬೇಕು. ಬಂದಿದ್ದು ಮೈನಸ್ 25216. ಲಾಜಿಕ್‌ನಲ್ಲಿ ತಪ್ಪು ಅಂತ ಅರ್ಧ ಗಂಟೆ ಹುಡುಕಿದ್ವಿ. ಲಾಜಿಕ್ ಸರಿಯಾಗೇ ಇತ್ತು. ಟರ್ಬೋ ತಯಾರಿಸೋದು 16 ಬಿಟ್ ಡಾಸ್ ಮೆಷಿನ್‌ಗೆ ಬೇಕಾದ ಕೋಡ್. ಅಲ್ಲಿ ಇಂಟ್ ಅಂದ್ರೆ 2 ಬೈಟ್, ಗರಿಷ್ಠ 32767. ಅದನ್ನ ದಾಟಿದ ಸಂಖ್ಯೆಯಿಂದ 65536 ಕಳೆದು ಹೋಗಿ ಮೈನಸ್‌ಗೆ ಬೀಳುತ್ತೆ. ನಮ್ಮ ಪೆಂಟಿಯಂ 4, 32 ಬಿಟ್ ಲೆಕ್ಕ ಆರಾಮಾಗಿ ಮಾಡೋ ಮೆಷಿನ್. ಅದೇ ಪ್ರೋಗ್ರಾಂ 4 ಬೈಟ್ ಇಂಟ್ ಇರೋ ಕಂಪೈಲರ್‌ನಲ್ಲಿ 12ರ ಫ್ಯಾಕ್ಟೋರಿಯಲ್‌ವರೆಗೂ ಸರಿಯಾಗಿ ಹೋಗುತ್ತೆ. ಅಂದ್ರೆ ಮೆಷಿನ್ ಹಳೇದಾಗಿದ್ದು ಸಮಸ್ಯೆ ಅಲ್ಲ. ಮೆಷಿನ್‌ಗಿಂತ ಎಷ್ಟೋ ಹಳೇ ಮೆಷಿನ್ ಥರ ಅದು ವರ್ತಿಸೋ ಹಾಗೆ ನಾವೇ ಮಾಡಿದ್ವಿ.

ಇದೇ ಥರ, 40000 ಇಂಟ್‌ಗಳ ಒಂದು ಅರೇ ಹಾಕಿ ನೋಡಿ. 80000 ಬೈಟ್ ಆಗುತ್ತೆ. ಒಂದು ಸೆಗ್ಮೆಂಟ್‌ನ ಮಿತಿ 64 ಕೆಬಿ. ಅರೇ ಸೈಜ್ ಜಾಸ್ತಿ ಆಯ್ತು ಅಂತ ಟರ್ಬೋ ಎರರ್ ಕೊಡುತ್ತೆ. 1 ಜಿಬಿ ರ‍್ಯಾಮ್ ಪಕ್ಕದಲ್ಲೇ ಖಾಲಿ ಬಿದ್ದಿರುತ್ತೆ.

ಇವೆಲ್ಲ ಸಹಿಸ್ಕೋಬಹುದಿತ್ತು. ಮಾರ್ಕ್ಸ್ ಕಳೆದಿದ್ದು ಬೇರೆ.

ಕೆ.ಆರ್. ಪುರದ ಗೆಳತಿ ಹಲಸೂರಿಗೆ ಬಂದು, ಎರಡು ಸಂಜೆ ಕೂತು, ಸಿಂಗ್ಲಿ ಲಿಂಕ್ಡ್ ಲಿಸ್ಟ್ ಪೂರ್ತಿ ಬರೆದಳು. ಇನ್ಸರ್ಟ್, ಡಿಲೀಟ್, ಡಿಸ್‌ಪ್ಲೇ ಎಲ್ಲ ಇರೋ ಮೆನು. ಖಾಲಿ ಲಿಸ್ಟ್‌ನಿಂದ ಡಿಲೀಟ್ ಒತ್ತಿದ್ರೆ ಯಾವುದೋ ಅರ್ಥ ಇಲ್ಲದ ನಂಬರ್ ಬರ್ತಿತ್ತು, ಆದ್ರೆ ಮೆನು ವಾಪಸ್ ಬರ್ತಿತ್ತು. "ಓಡ್ತಿದೆಯಲ್ಲ, ಬಿಡು" ಅಂದ್ವಿ. ಲ್ಯಾಬ್‌ನಲ್ಲಿ ಲಿನಕ್ಸ್ ಮೇಲೆ ಜಿಸಿಸಿ ಇದೆ. ಅಲ್ಲಿ ಮೊದಲು ಕ್ಲಿಯರ್ ಸ್ಕ್ರೀನ್ ಫಂಕ್ಷನ್ ಸಿಗಲಿಲ್ಲ, ಯಾಕಂದ್ರೆ ಕೊನಿಯೊ ಹೆಡರ್ ಸಿ ಸ್ಟ್ಯಾಂಡರ್ಡ್‌ನಲ್ಲೇ ಇಲ್ಲ. ಗಾಬರಿಯಲ್ಲಿ ಅದನ್ನೆಲ್ಲ ಕಿತ್ತು ಹಾಕಿದಳು. ಮೇಡಂ ಬಂದು ಮಾಡಿದ ಮೊದಲ ಕೆಲಸವೇ ಖಾಲಿ ಲಿಸ್ಟ್ ಮೇಲೆ ಡಿಲೀಟ್ ಒತ್ತಿದ್ದು. ಸೆಗ್ಮೆಂಟೇಷನ್ ಫಾಲ್ಟ್. ಪ್ರೋಗ್ರಾಂ ಸತ್ತು ಬಿತ್ತು.

ತಪ್ಪು ಅವಳ ಕೋಡ್‌ನಲ್ಲೇ ಇತ್ತು. ಹೆಡ್ ನಲ್ ಆಗಿದೆಯಾ ಅಂತ ಚೆಕ್ ಮಾಡದೆ ಅದರ ನೆಕ್ಸ್ಟ್ ಓದೋಕೆ ಹೋಗಿದ್ದಳು. ಆದ್ರೆ ಟರ್ಬೋ ಅದನ್ನ ತೋರಿಸಲಿಲ್ಲ. ಡಾಸ್‌ನಲ್ಲಿ ಮೆಮೊರಿ ಪ್ರೊಟೆಕ್ಷನ್ ಅನ್ನೋದು ಇಲ್ಲ. ಸೊನ್ನೆ ಅಡ್ರೆಸ್‌ಗೆ ಹೋದ್ರೂ ಅಲ್ಲಿ ಇದ್ದ ಏನೋ ಒಂದನ್ನ ಓದಿ ಮುಂದೆ ಹೋಗುತ್ತೆ. ಲಿನಕ್ಸ್‌ನಲ್ಲಿ ಆ ಅಡ್ರೆಸ್ ಮುಟ್ಟಿದ ತಕ್ಷಣ ಆಪರೇಟಿಂಗ್ ಸಿಸ್ಟಮ್ ಪ್ರೋಗ್ರಾಂನ ನಿಲ್ಲಿಸುತ್ತೆ. ಕಲಿಯೋರಿಗೆ ಯಾವುದು ಒಳ್ಳೇದು? ತಪ್ಪು ಮುಚ್ಚಿಡೋ ಕಂಪೈಲರ್ ಹತ್ತಿರ ಎರಡು ಸಂಜೆ ಕೂತಿದ್ದು ಅವಳು. "ನನಗೆ ಪಾಯಿಂಟರ್ಸ್ ಬರೋದೇ ಇಲ್ಲ ಅನ್ಸುತ್ತೆ" ಅಂತ ಅವತ್ತು ಕ್ಯಾಂಟೀನ್‌ನಲ್ಲಿ ಹೇಳಿದಳು. ಅವತ್ತೇ ನಾವು ಬೇರೆ ಕಂಪೈಲರ್ ಹುಡುಕೋಕೆ ಕೂತಿದ್ದು.

ಎರಡನೇ ಪ್ರಯತ್ನ: ಎಕ್ಸ್‌ಪಿ ಮೇಲೆ ಮಿನ್‌ಜಿಡಬ್ಲ್ಯು

ಜಿಸಿಸಿಯನ್ನ ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ್ರು. ಅಂದ್ರೆ ಜಿಸಿಸಿ, ಟರ್ಬೋ ಸಿ ಎರಡೂ ಒಂದೇ ವರ್ಷದವು. ವ್ಯತ್ಯಾಸ ಏನಂದ್ರೆ ಜಿಸಿಸಿ ಇವತ್ತಿಗೂ ಬೆಳೀತಾ ಇದೆ. ಅದನ್ನ ವಿಂಡೋಸ್‌ಗೆ ತಂದಿರೋದು ಮಿನ್‌ಜಿಡಬ್ಲ್ಯು. ಕೋಡ್‌ಬ್ಲಾಕ್ಸ್, ಡೆವ್ ಸಿ ಪ್ಲಸ್ ಪ್ಲಸ್ ಥರದ ಐಡಿಇಗಳ ಹೊಟ್ಟೆಯಲ್ಲಿ ಇರೋದೂ ಇದೇ.

ಎಕ್ಸ್‌ಪಿ ಬಿಡೋಕೆ ಆಗಲ್ಲ ಅನ್ನೋರಿಗೆ ಇದು ಸರಿ. ಚಿಕ್ಕಪ್ಪನ ಹಳೇ ಟ್ಯಾಲಿ ಫೈಲುಗಳು ಅದರಲ್ಲೇ ಇವೆ ಅನ್ನೋ ಥರದ ಕಾರಣ ಎಷ್ಟೋ ಮನೇಲಿ ಇರುತ್ತೆ. ಇಂಟ್ 4 ಬೈಟ್, ಮೆಮೊರಿ ಪ್ರೊಟೆಕ್ಷನ್ ಇದೆ, ವಾರ್ನಿಂಗ್ ಚೆನ್ನಾಗಿ ಕೊಡುತ್ತೆ. ಆದ್ರೆ ಎಕ್ಸ್‌ಪಿಯಲ್ಲಿ ಓಡೋ ಹಳೇ ಆವೃತ್ತಿಯನ್ನೇ ಹುಡುಕಬೇಕು. ಎಕ್ಸ್‌ಪಿಯ ಬ್ರೌಸರ್‌ನಲ್ಲಿ ಈಗಿನ ಸೈಟ್‌ಗಳು ಸರಿಯಾಗಿ ತೆರೆಯಲ್ಲ, ಹಾಗಾಗಿ ಬೇರೆ ಕಂಪ್ಯೂಟರ್‌ನಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ತರಬೇಕು. ಆ ಮೆಷಿನ್‌ನ ಇಂಟರ್ನೆಟ್‌ಗೆ ಹಾಕದೇ ಇರೋದೇ ಕ್ಷೇಮ.

ಮೂರನೇ ಪ್ರಯತ್ನ: ಟಿಸಿಸಿ

ಟೈನಿ ಸಿ ಕಂಪೈಲರ್ ಫ್ರೆಂಚ್ ಪ್ರೋಗ್ರಾಮರ್ ಫ್ಯಾಬ್ರಿಸ್ ಬೆಲ್ಲಾರ್ ಬರೆದಿದ್ದು. ಎಫ್‌ಎಫ್‌ಎಂಪೆಗ್, ಕ್ಯೂಎಮು ಶುರು ಮಾಡಿದವರೂ ಅವರೇ. ಇಡೀ ಕಂಪೈಲರ್ ಕೆಲವೇ ನೂರು ಕೆಬಿ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಸಿಗುತ್ತೆ. ಕೋಡ್‌ನ ಒಂದೇ ಸಲ ಓದಿ ನೇರವಾಗಿ ಮೆಷಿನ್ ಕೋಡ್ ಮಾಡೋದ್ರಿಂದ ತುಂಬ ವೇಗ. ಓಡೋ ಫೈಲ್ ಮಾಡದೆ ನೇರವಾಗಿ ಪ್ರೋಗ್ರಾಂ ಓಡಿಸೋ ರನ್ ಆಪ್ಷನ್ ಕೂಡ ಇದೆ, ಪೈಥಾನ್ ಥರ.

ಟರ್ಬೋದಷ್ಟೇ ಹಗುರ, ಆದ್ರೆ ಸ್ಟ್ಯಾಂಡರ್ಡ್ ಸಿ. 256 ಎಂಬಿ ರ‍್ಯಾಮ್ ಇರೋ ಮೆಷಿನ್‌ಗೂ ಭಾರ ಅಲ್ಲ. ಮೂರು ಕೊರತೆ ಇದೆ: ಸಿ ಪ್ಲಸ್ ಪ್ಲಸ್ ಬರಲ್ಲ, ಕೋಡ್‌ನ ಜಿಸಿಸಿಯಷ್ಟು ಚುರುಕಾಗಿ ಆಪ್ಟಿಮೈಸ್ ಮಾಡಲ್ಲ, ವಾರ್ನಿಂಗ್ ಕಮ್ಮಿ. ಕಲಿಯೋರಿಗೆ ಮೂರನೇದೇ ದೊಡ್ಡ ನಷ್ಟ.

ನಾಲ್ಕನೇದು, ನಾವು ಉಳಿಸಿಕೊಂಡಿದ್ದು: ಹಗುರ ಲಿನಕ್ಸ್, ಅದರ ಮೇಲೆ ಜಿಸಿಸಿ

2023ರಲ್ಲಿ ಬಂದ ಡೆಬಿಯನ್ 12ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ ಇದೆ. 2025ರ ಡೆಬಿಯನ್ 13ರಲ್ಲಿ ಅದನ್ನ ತೆಗೆದುಬಿಟ್ಟಿದ್ದಾರೆ. ಹಾಗಾಗಿ 32 ಬಿಟ್ ಮೆಷಿನ್ ಇರೋರು 12ನ್ನೇ ಹಾಕಬೇಕು. ಆಂಟಿಎಕ್ಸ್ ಅನ್ನೋ ಹಗುರ ಲಿನಕ್ಸ್ ಕೂಡ ಇಂಥ ಮೆಷಿನ್‌ಗಳಿಗೇ ಅಂತ ಇರೋದು.

ನಮ್ಮ ಮೆಷಿನ್ ಪೆನ್‌ಡ್ರೈವ್‌ನಿಂದ ಬೂಟ್ ಆಗಲಿಲ್ಲ. ಡಿಸ್ಕ್‌ಗೆ ಬರೆದು ಹಾಕಿದ್ವಿ. ವೈಫೈ ಇಲ್ಲ, ಫೋನ್‌ನ ಯುಎಸ್‌ಬಿ ಕೇಬಲ್‌ನಲ್ಲಿ ಸೇರಿಸಿ ಟೆಥರಿಂಗ್ ಆನ್ ಮಾಡಿದ್ವಿ, ಇಂಟರ್ನೆಟ್ ಬಂತು. ದೊಡ್ಡ ಡೆಸ್ಕ್‌ಟಾಪ್ ಬೇಡ ಅಂತ ಎಲ್‌ಎಕ್ಸ್‌ಡಿಇ ಹಾಕಿದ್ವಿ. ಬಿಲ್ಡ್ ಎಸೆನ್ಷಿಯಲ್ ಅನ್ನೋ ಒಂದು ಪ್ಯಾಕೇಜ್ ಹಾಕಿದ್ರೆ ಜಿಸಿಸಿ, ಸಿ ಪ್ಲಸ್ ಪ್ಲಸ್ ಕಂಪೈಲರ್, ಮೇಕ್ ಎಲ್ಲ ಒಟ್ಟಿಗೆ ಬರುತ್ತೆ. ಬರೆಯೋಕೆ ಜೀನಿ ಎಡಿಟರ್, ಡಿಬಗ್ ಮಾಡೋಕೆ ಜಿಡಿಬಿ. ಇಷ್ಟೇ.

ಇದರಲ್ಲಿ ಸಿಕ್ಕ ಜಿಸಿಸಿ ಆವೃತ್ತಿ 12. ಅಂದ್ರೆ ಇಪ್ಪತ್ತು ವರ್ಷ ಹಳೇ ಮೆಷಿನ್ ಮೇಲೆ ಈ ದಶಕದ ಕಂಪೈಲರ್. ನಮ್ಮ ಲ್ಯಾಬ್ ಪ್ರೋಗ್ರಾಂಗಳು ಎಂಟರ್ ಒತ್ತಿ ಸ್ವಲ್ಪ ಹೊತ್ತಿಗೆ ರೆಡಿ. ಕಂಪೈಲ್ ಮಾಡುವಾಗ ವಾಲ್ ಅನ್ನೋ ಆಪ್ಷನ್ ಹಾಕೋದನ್ನ ಅಭ್ಯಾಸ ಮಾಡ್ಕೊಳ್ಳಿ. ವಾರ್ನಿಂಗ್ ಆಲ್ ಅಂತ ಅರ್ಥ. ಸಮ ಅಲ್ವಾ ಅಂತ ಕೇಳೋ ಕಡೆ ಒಂದೇ ಈಕ್ವಲ್ ಟು ಹಾಕಿದ್ರೆ, ವೇರಿಯಬಲ್‌ಗೆ ಬೆಲೆ ಕೊಡದೆ ಬಳಸಿದ್ರೆ, ಅದು ಸಾಲಿನ ನಂಬರ್ ಸಮೇತ ಹೇಳುತ್ತೆ. ಜೊತೆಗೆ ಜಿ ಆಪ್ಷನ್ ಹಾಕಿದ್ರೆ ಜಿಡಿಬಿಯಲ್ಲಿ ಪ್ರೋಗ್ರಾಂ ಎಲ್ಲಿ ಸತ್ತಿತು ಅಂತ ಸಾಲು ತೋರಿಸುತ್ತೆ.

ಅವಳ ಅದೇ ಲಿಂಕ್ಡ್ ಲಿಸ್ಟ್‌ನ ಇದರಲ್ಲಿ ಓಡಿಸಿದ್ವಿ. ಖಾಲಿ ಲಿಸ್ಟ್, ಡಿಲೀಟ್, ಸೆಗ್ಮೆಂಟೇಷನ್ ಫಾಲ್ಟ್. ಜಿಡಿಬಿಯಲ್ಲಿ ಓಡಿಸಿದ್ರೆ ನೇರವಾಗಿ ಆ ಸಾಲಿನ ಮೇಲೆ ಬಂದು ನಿಂತಿತು. ಹೆಡ್‌ನ ಬೆಲೆ ಪ್ರಿಂಟ್ ಮಾಡಿಸಿದ್ವಿ: ಸೊನ್ನೆ. "ಓ, ಇಷ್ಟೇನಾ!" ಅಂದಳು. ಒಂದು ಇಫ್ ಹಾಕಿದಳು. ಆಮೇಲೆ ನಾವು ಹೇಳೋ ಮೊದಲೇ ಇನ್ನೆರಡು ಫಂಕ್ಷನ್‌ನಲ್ಲಿದ್ದ ಇದೇ ತಪ್ಪನ್ನ ತಾನೇ ಹುಡುಕಿ ತಿದ್ದಿದಳು.

ಸೈಜ್‌ಆಫ್ ಆಟ

ಟಾರ್ಗೆಟ್ ಅಂದ್ರೆ ಏನು ಅಂತ ಕೈಯಾರೆ ನೋಡಬೇಕಾ? ಒಂದು ಇಂಟ್, ಒಂದು ನೆಕ್ಸ್ಟ್ ಪಾಯಿಂಟರ್ ಇರೋ ನೋಡ್ ಸ್ಟ್ರಕ್ಚರ್ ಬರೆದು ಅದರ ಸೈಜ್‌ಆಫ್ ಪ್ರಿಂಟ್ ಮಾಡಿ. ಟರ್ಬೋದ ಸ್ಮಾಲ್ ಮೆಮೊರಿ ಮಾಡೆಲ್‌ನಲ್ಲಿ 4 ಬರುತ್ತೆ: ಇಂಟ್‌ಗೆ 2, ಪಾಯಿಂಟರ್‌ಗೆ 2. ಪೆಂಟಿಯಂ 4ರ ಮೇಲಿನ 32 ಬಿಟ್ ಜಿಸಿಸಿಯಲ್ಲಿ 8: ನಾಲ್ಕು, ನಾಲ್ಕು. ಈಗಿನ 64 ಬಿಟ್ ಲ್ಯಾಪ್‌ಟಾಪ್‌ನಲ್ಲಿ 16: ಇಂಟ್‌ಗೆ 4, ಪಾಯಿಂಟರ್‌ಗೆ 8, ಮಧ್ಯೆ ಖಾಲಿ ಬಿಡೋ ಪ್ಯಾಡಿಂಗ್ 4. ವೈವಾದಲ್ಲಿ "ನೋಡ್‌ನ ಸೈಜ್ ಎಷ್ಟು?" ಅಂತ ಕೇಳಿದ್ರೆ ಸರಿಯಾದ ಉತ್ತರ "ಯಾವ ಕಂಪೈಲರ್, ಯಾವ ಮೆಷಿನ್ ಮೇಡಂ?" ಅನ್ನೋದು. ಮೆಲೋಕ್ ಮಾಡುವಾಗ ಸೈಜ್‌ನ ನಂಬರ್ ಹಾಕಬೇಡಿ, ಸೈಜ್‌ಆಫ್ ಹಾಕಿ ಅಂತ ಯಾಕೆ ಹೇಳ್ತಾರೆ ಅಂತ ನಮಗೆ ಅರ್ಥ ಆಗಿದ್ದು ಅವತ್ತು.

ಇದರಿಂದ ಇನ್ನೊಂದು ಪಾಠ. ಲ್ಯಾಬ್‌ನಲ್ಲಿ ಕಂಪೈಲ್ ಆದ ಫೈಲ್ ತಂದು ಹಳೇ ಮೆಷಿನ್‌ನಲ್ಲಿ ಓಡಿಸೋಕೆ ಹೋಗಬೇಡಿ. 64 ಬಿಟ್ ಫೈಲ್ 32 ಬಿಟ್ ಪ್ರೊಸೆಸರ್‌ನಲ್ಲಿ ಓಡಲ್ಲ. ಸೋರ್ಸ್ ಕೋಡ್ ಮಾತ್ರ ತನ್ನಿ, ಮನೇಲಿ ಮತ್ತೆ ಕಂಪೈಲ್ ಮಾಡಿ.

ಕನ್ನಡ ಪ್ರಿಂಟ್ ಆಗುತ್ತಾ?

ಕನ್ನಡ ಸಂಘದವರಾಗಿ ಇದನ್ನ ಕೇಳದೆ ಇರೋಕಾಗುತ್ತಾ? ಟರ್ಬೋದ ಎಡಿಟರ್‌ನಲ್ಲಿ ಕನ್ನಡ ಟೈಪ್ ಮಾಡೋಕೇ ಆಗಲ್ಲ. ಅದು ಯೂನಿಕೋಡ್ ಬಳಕೆಗೆ ಬರೋ ಮೊದಲಿನದು. ಡೆಬಿಯನ್‌ನಲ್ಲಿ ಕನ್ನಡ ಫಾಂಟ್‌ಗಳ ಪ್ಯಾಕೇಜ್ ಇದೆ, ಗುಬ್ಬಿ, ನವಿಲು ಫಾಂಟ್‌ಗಳೂ ಸಿಗುತ್ತೆ. ಜೀನಿಯಲ್ಲಿ ಪ್ರಿಂಟ್‌ಎಫ್ ಒಳಗೆ ನೇರವಾಗಿ "ಕನ್ನಡ" ಅಂತ ಬರೆದು ಕಂಪೈಲ್ ಮಾಡಿದ್ವಿ, ಜಿಸಿಸಿ ಗೊಣಗಲಿಲ್ಲ.

ಆಮೇಲೆ ಸ್ಟ್ರಿಂಗ್ ಲೆಂತ್ ಕೇಳಿದ್ವಿ. ನೋಡೋಕೆ ಮೂರು ಅಕ್ಷರ. ಉತ್ತರ 15. ಯಾಕಂದ್ರೆ ಯೂನಿಕೋಡ್‌ನಲ್ಲಿ "ಕನ್ನಡ" ಅಂದ್ರೆ ಕ, ನ, ಹಲಂತ್ ಚಿಹ್ನೆ, ಮತ್ತೆ ನ, ಡ ಅಂತ ಐದು ತುಣುಕು. ಯುಟಿಎಫ್ 8ರಲ್ಲಿ ಕನ್ನಡದ ಒಂದೊಂದು ತುಣುಕಿಗೂ 3 ಬೈಟ್. ಐದು ಮೂರಲ ಹದಿನೈದು. ಸ್ಟ್ರಿಂಗ್ ರಿವರ್ಸ್ ಮಾಡೋ ಲ್ಯಾಬ್ ಪ್ರೋಗ್ರಾಂಗೆ ಇದನ್ನ ಕೊಟ್ಟು ನೋಡಿ, ಏನಾಗುತ್ತೆ ಅಂತ ನಾವು ಹೇಳಲ್ಲ. ಟರ್ಮಿನಲ್‌ನಲ್ಲಿ ಒತ್ತಕ್ಷರ ಸರಿಯಾಗಿ ಕೂರದೇ ಇರಬಹುದು. ಔಟ್‌ಪುಟ್‌ನ ಫೈಲ್‌ಗೆ ಬರೆದು ಎಡಿಟರ್‌ನಲ್ಲಿ ತೆರೆದರೆ ಸರಿಯಾಗಿ ಕಾಣುತ್ತೆ.

ಇನ್ನೂ ಹಳೇದು, ಇನ್ನೂ ಚಿಕ್ಕದು ಇದ್ದರೆ?

ಕಂಪೈಲರ್ ಕೂರೋಕೇ ಜಾಗ ಇಲ್ಲದ ಮೆಷಿನ್‌ಗಳೂ ಇವೆ. 1984ರಲ್ಲಿ ಕೇಂದ್ರ ಸರ್ಕಾರ ಕ್ಲಾಸ್ ಅನ್ನೋ ಯೋಜನೆಯಲ್ಲಿ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡೋಕೆ ಶುರು ಮಾಡಿತು. ಅದರ ಮಾಡೆಲ್ ಬಿಯಲ್ಲಿ ಇದ್ದಿದ್ದು 32 ಕೆಬಿ ರ‍್ಯಾಮ್, 2 ಮೆಗಾಹರ್ಟ್ಸ್‌ನ 6502 ಪ್ರೊಸೆಸರ್. ಆನ್ ಮಾಡಿದ್ರೆ ರಾಮ್‌ನಲ್ಲಿದ್ದ ಬೇಸಿಕ್ ಇಂಟರ್‌ಪ್ರಿಟರ್ ಬರ್ತಿತ್ತು. ಇವತ್ತು ಅಂಥ ಮೆಷಿನ್‌ಗೆ ಸಿಯಲ್ಲಿ ಬರೆಯಬೇಕಂದ್ರೆ ಸಿಸಿ65 ಅನ್ನೋ ಕಂಪೈಲರ್‌ನ ಬೇರೆ ಪಿಸಿಯಲ್ಲಿ ಓಡಿಸಿ, ತಯಾರಾದ ಫೈಲ್‌ನ ಆ ಮೆಷಿನ್‌ಗೆ ಸಾಗಿಸಬೇಕು. ಇದೇ ಕ್ರಾಸ್ ಕಂಪೈಲಿಂಗ್: ಹೋಸ್ಟ್ ಒಂದು, ಟಾರ್ಗೆಟ್ ಇನ್ನೊಂದು.

ನಮ್ಮ ಬೆಂಗಳೂರಲ್ಲೇ ಹುಟ್ಟಿದ ಸಿಂಪ್ಯೂಟರ್ ನೆನಪಿಸಿಕೊಳ್ಳಿ. ಐಐಎಸ್‌ಸಿಯ ಪ್ರೊಫೆಸರ್‌ಗಳು, ಎನ್‌ಕೋರ್ ಕಂಪನಿಯ ಇಂಜಿನಿಯರ್‌ಗಳು ಸೇರಿ ವಿನ್ಯಾಸ ಮಾಡಿದ ಕೈಯಲ್ಲಿ ಹಿಡಿಯೋ ಕಂಪ್ಯೂಟರ್. 2001ರಲ್ಲಿ ಜನರಿಗೆ ತೋರಿಸಿದ್ರು. 2004ರಲ್ಲಿ ಅಮೀಡಾ ಅನ್ನೋ ಹೆಸರಲ್ಲಿ ಬಿಇಎಲ್ ತಯಾರಿಸಿದ್ದು ಮಾರುಕಟ್ಟೆಗೆ ಬಂತು. ಒಳಗೆ ಆರ್ಮ್ ಜಾತಿಯ ಪ್ರೊಸೆಸರ್, ಅದರ ಮೇಲೆ ಲಿನಕ್ಸ್. ಕೀಬೋರ್ಡ್ ಇಲ್ಲದ ಅಂಥ ಸಾಧನಕ್ಕೆ ಪ್ರೋಗ್ರಾಂ ಬರೆಯೋ ಸಹಜ ದಾರಿ ಅಂದ್ರೆ ಪಿಸಿಯ ಮೇಲೆ ಆರ್ಮ್‌ಗೆ ಕ್ರಾಸ್ ಕಂಪೈಲ್ ಮಾಡೋದು. ನಮ್ಮ ಇಸಿಇ ಗೆಳೆಯರು ಆರ್ಡುಯಿನೋದಲ್ಲಿ ದಿನಾ ಮಾಡೋದೂ ಇದನ್ನೇ. ಊನೋ ಬೋರ್ಡ್‌ನ ಚಿಪ್‌ನಲ್ಲಿ ಇರೋದು 2 ಕೆಬಿ ರ‍್ಯಾಮ್. ಕಂಪೈಲರ್ ಇರೋದು ಲ್ಯಾಪ್‌ಟಾಪ್‌ನಲ್ಲಿ. ಆ ಕಂಪೈಲರ್ ಕೂಡ ಜಿಸಿಸಿಯದೇ ಒಂದು ರೂಪ.

ಹಾಗಾದ್ರೆ ಯಾರಿಗೆ ಯಾವುದು?

1 ಜಿಬಿ ರ‍್ಯಾಮ್ ಇದ್ದು, ಹಳೇ ವಿಂಡೋಸ್ ಬಿಡೋಕೆ ಅಡ್ಡಿ ಇಲ್ಲ ಅಂದ್ರೆ ಹಗುರ ಲಿನಕ್ಸ್, ಜಿಸಿಸಿ. 512 ಎಂಬಿ ಇದ್ದರೂ ಡೆಸ್ಕ್‌ಟಾಪ್ ಇಲ್ಲದೆ ಬರೀ ಕಪ್ಪು ಪರದೆಯಲ್ಲಿ ಇದೇ ಜಿಸಿಸಿ ಓಡುತ್ತೆ. ಎಕ್ಸ್‌ಪಿ ಉಳಿಯಲೇಬೇಕು ಅಂದ್ರೆ ಹಳೇ ಮಿನ್‌ಜಿಡಬ್ಲ್ಯು. ಅದೂ ಭಾರ ಅನ್ನಿಸಿದ್ರೆ ಟಿಸಿಸಿ. ಟರ್ಬೋ ಯಾವಾಗ? ನಿಮ್ಮ ಲ್ಯಾಬ್‌ನಲ್ಲಿ ಪರೀಕ್ಷೆಯೂ ಅದರಲ್ಲೇ ನಡೆಯುತ್ತೆ ಅಂದಾಗ, ಅಥವಾ ಡಾಸ್ ಗ್ರಾಫಿಕ್ಸ್‌ನ ಹಳೇ ಪ್ರಾಜೆಕ್ಟ್ ಓಡಿಸಿ ನೋಡಬೇಕು ಅಂದಾಗ.

ಟರ್ಬೋದಲ್ಲೇ ಬರೀಬೇಕಾದ್ರೂ ನಾಲ್ಕು ಅಭ್ಯಾಸ ಇಟ್ಟುಕೊಳ್ಳಿ, ನಿಮ್ಮ ಕೋಡ್ ಎಲ್ಲ ಕಡೆ ಓಡುತ್ತೆ. ವಾಯ್ಡ್ ಮೇನ್ ಬದಲು ಇಂಟ್ ಮೇನ್ ಬರೆದು ಕೊನೆಗೆ ಸೊನ್ನೆ ರಿಟರ್ನ್ ಮಾಡಿ. ಕೊನಿಯೊ ಹೆಡರ್ ಬಿಡಿ. ಗೆಟ್ಸ್ ಬದಲು ಎಫ್‌ಗೆಟ್ಸ್ ಬಳಸಿ, 2011ರ ಸಿ ಸ್ಟ್ಯಾಂಡರ್ಡ್‌ನಿಂದ ಗೆಟ್ಸ್‌ನ ತೆಗೆದೇ ಹಾಕಿದ್ದಾರೆ. ಪಾಯಿಂಟರ್ ಮುಟ್ಟೋ ಮೊದಲು ನಲ್ ಅಲ್ಲ ಅಂತ ನೋಡ್ಕೊಳ್ಳಿ.

ಹಳೇ ಮೆಷಿನ್‌ನ ಕಷ್ಟಗಳನ್ನ ಮುಚ್ಚಿಡಲ್ಲ. ಯೂಟ್ಯೂಬ್ ನೋಡೋಕೆ ಆಗಲ್ಲ, ಫೋನೇ ಗತಿ. ಬಿಸಿ ಆಗುತ್ತೆ, ಸದ್ದು ಮಾಡುತ್ತೆ, ಲ್ಯಾಪ್‌ಟಾಪ್‌ಗಿಂತ ಜಾಸ್ತಿ ಕರೆಂಟ್ ತಿನ್ನುತ್ತೆ. ಕರೆಂಟ್ ಹೋದ್ರೆ ಬರೆದಿದ್ದೂ ಹೋಗುತ್ತೆ, ಅದಕ್ಕೆ ಹತ್ತು ಸಾಲಿಗೊಮ್ಮೆ ಸೇವ್ ಮಾಡಿ. ಡಿಸ್ಕ್ ಯಾವತ್ತು ಕೈ ಕೊಡುತ್ತೋ ಗೊತ್ತಿಲ್ಲ, ವಾರಕ್ಕೊಂದು ಸಲ ಪೆನ್‌ಡ್ರೈವ್‌ಗೆ ಕಾಪಿ ಮಾಡಿ.

ಒಂದು ಭಾನುವಾರ ಬೆಳಿಗ್ಗೆ ಸಿಪಿಯು, ದಪ್ಪ ಮಾನಿಟರ್ ಎರಡನ್ನೂ ಆಟೋಗೆ ಹಾಕಿ ಹಲಸೂರಿನಿಂದ ಓಲ್ಡ್ ಮದ್ರಾಸ್ ರೋಡ್ ಹಿಡಿದು ಹೊರಟ್ವಿ. ಟಿನ್ ಫ್ಯಾಕ್ಟರಿ ಹತ್ತಿರ ಭಾನುವಾರವೂ ಜಾಮ್. ಮಾನಿಟರ್ ಒಬ್ಬನ ತೊಡೆ ಮೇಲೆ, ಸಿಪಿಯು ಇನ್ನೊಬ್ಬನ ತೊಡೆ ಮೇಲೆ. ತೂಗು ಸೇತುವೆ ದಾಟಿ ಅವರ ಮನೆ ಮುಟ್ಟಿದಾಗ ಅವಳ ಅಮ್ಮ, "ಇಷ್ಟು ದೊಡ್ಡದಾ? ಎಲ್ಲಪ್ಪಾ ಇಡೋದು?" ಅಂದ್ರು. ಆಮೇಲೆ ಹೊಲಿಗೆ ಮೆಷಿನ್ ಪಕ್ಕಕ್ಕೆ ಸರಿಸಿ ಜಾಗ ಮಾಡಿಕೊಟ್ಟು, ಚಿತ್ರಾನ್ನ ಕೊಟ್ಟು ಕಳಿಸಿದ್ರು.

ಕಳೆದ ವಾರದ ಲ್ಯಾಬ್‌ನಲ್ಲಿ ಡಬ್ಲಿ ಲಿಂಕ್ಡ್ ಲಿಸ್ಟ್ ಇತ್ತು. ಮೇಡಂ ಅಭ್ಯಾಸದಂತೆ ಖಾಲಿ ಲಿಸ್ಟ್ ಮೇಲೆ ಡಿಲೀಟ್ ಒತ್ತಿದ್ರು. "ಲಿಸ್ಟ್ ಖಾಲಿ ಇದೆ" ಅಂತ ಪರದೆ ಮೇಲೆ ಬಂತು. ಅವಳು ನಮ್ಮ ಕಡೆ ತಿರುಗಿ ನೋಡಲೂ ಇಲ್ಲ, ಮುಂದಿನ ಪ್ರೋಗ್ರಾಂ ಬರೆಯೋಕೆ ಶುರು ಮಾಡಿದ್ದಳು. ನಮ್ಮಿಬ್ಬರದ್ದು ಇನ್ನೂ ಕಂಪೈಲ್ ಆಗಿರಲಿಲ್ಲ.

ನಿಮ್ಮನೆ ಅಟ್ಟದ ಮೇಲೂ ಒಂದು ಡಬ್ಬ ಇದ್ದರೆ ಕೆಳಗಿಳಿಸಿ. ಪ್ರೊಸೆಸರ್, ರ‍್ಯಾಮ್, ಓಎಸ್ ಏನಿದೆ ಅಂತ ಬರ್ಕೊಂಡು ಬುಧವಾರ ಸಂಜೆ ಸಂಘದ ರೂಮಿಗೆ ಬನ್ನಿ, ಒಟ್ಟಿಗೆ ಕೂತು ನೋಡೋಣ. ಬೂಟ್ ಮಾಡೋ ಡಿಸ್ಕ್ ನಮ್ಮ ಹತ್ತಿರ ಇದೆ.